ವಿಕಿಪೀಡಿಯದಲ್ಲಿ ನಾನು ತಿದ್ದಿದ್ದನ್ನು ಬಾಟ್ ತೆಗೆದುಹಾಕಿತು. ಯಾಕೆ?

ಪ್ರಶ್ನೆ: ಇಂಗ್ಲಿಷ್ ವಿಕಿಪೀಡಿಯದಲ್ಲಿ ನಮ್ಮ ಊರಿನ ಪುಟದಲ್ಲಿ ಒಂದು ತಪ್ಪಿತ್ತು. ತಿದ್ದಿದೆ. ಒಂದು ನಿಮಿಷವೂ ಆಗಿರಲಿಲ್ಲ, ಹಳೆಯದೇ ವಾಪಸ್ ಬಂತು. ಪುಟದ ಬದಲಾವಣೆಗಳ ಇತಿಹಾಸ ತೆಗೆದು ನೋಡಿದರೆ ಅದನ್ನು ಮಾಡಿದ್ದು ಯಾವುದೋ ಬಾಟ್. ಜನ ಸೇರಿ ಬರೆಯುವ ವಿಶ್ವಕೋಶ ಅಂತಾರೆ, ಅಲ್ಲಿ ಬಾಟ್‌ಗೆ ಏನು ಕೆಲಸ?

ಉತ್ತರ: ಹೆಚ್ಚುಕಮ್ಮಿ ಅದು ಕ್ಲೂಬಾಟ್ ಎನ್‌ಜಿ ಇರಬೇಕು. 2010ರ ಕೊನೆಯಿಂದ ಇಂಗ್ಲಿಷ್ ವಿಕಿಪೀಡಿಯದಲ್ಲಿ ಕಾವಲಿಗೆ ಇರುವ ಬಾಟ್ ಅದು. ಬಾಟ್ ಅಂದರೆ ತಾನಾಗಿಯೇ ಪುಟಗಳನ್ನು ಬದಲಿಸುವ ಕಂಪ್ಯೂಟರ್ ಪ್ರೋಗ್ರಾಂ. ಯಾರೋ ಬಂದು ಪುಟದ ತುಂಬ ಬೈಗುಳ ಬರೆದು ಹೋಗುತ್ತಾರೆ. ಇನ್ಯಾರೋ ಇಡೀ ಪ್ಯಾರಾವನ್ನೇ ಅಳಿಸುತ್ತಾರೆ. ಕೆಲವರು ಸುಮ್ನೆ ಕೀಬೋರ್ಡ್ ಕುಟ್ಟಿ ಹೋಗುತ್ತಾರೆ. ಇಂಥದ್ದನ್ನು ಕೆಲವೇ ಕ್ಷಣಗಳಲ್ಲಿ ಹಿಂದಕ್ಕೆ ತಿರುಗಿಸುವುದು ಅದರ ಕೆಲಸ. ನಿಮ್ಮ ಊರಿನ ಬಗ್ಗೆ ಅದಕ್ಕೆ ಏನೇನೂ ಗೊತ್ತಿಲ್ಲ. ಹಾಗಾಗಿ ನೀವು ಬರೆದದ್ದು ಸುಳ್ಳು ಅಂತ ಅದು ಹೇಳಿದೆ ಎಂದುಕೊಂಡು ಬೇಜಾರು ಮಾಡಿಕೊಳ್ಳಬೇಡಿ.

ಅದು ನೋಡುವುದೇ ಬೇರೆ. ಜನರು ಕೂತು ಸಾವಿರಾರು ಹಳೆಯ ಬದಲಾವಣೆಗಳನ್ನು ಒಳ್ಳೆಯದು, ಕಿಡಿಗೇಡಿತನ ಅಂತ ವಿಂಗಡಿಸಿ ಕೊಟ್ಟಿದ್ದಾರೆ. ಬಾಟ್ ಕಲಿತದ್ದು ಅವುಗಳಿಂದ. ಹೊಸ ಬದಲಾವಣೆ ಬಂದ ಕೂಡಲೇ ಯಾವ ಪದ ಸೇರಿದೆ, ಎಷ್ಟು ಅಳಿಸಿದ್ದಾರೆ, ಬರೆದವರು ಹೊಸಬರೋ ಹಳಬರೋ ಎಂಬುದನ್ನೆಲ್ಲ ಕೂಡಿಸಿ ಒಂದು ಅಂಕ ಕೊಡುತ್ತದೆ. ಅಂಕ ಒಂದು ಗೆರೆ ದಾಟಿದರೆ ಬದಲಾವಣೆ ಹೋಯಿತು ಅಂತಲೇ ಲೆಕ್ಕ.

ಆ ಗೆರೆಯನ್ನು ಎಳೆದವರು ಮಾತ್ರ ಮನುಷ್ಯರು. ಬಾಟ್ ನಡೆಸುವವರೇ ಬರೆದಿಟ್ಟಿರುವ ಲೆಕ್ಕ ಹೀಗಿದೆ: ಸಾವಿರ ಒಳ್ಳೆಯ ಬದಲಾವಣೆಗಳಲ್ಲಿ ಒಂದು ತಪ್ಪಾಗಿ ಹೋದರೂ ಸರಿ ಎಂದು ಒಪ್ಪಿಕೊಂಡರೆ, ಕಿಡಿಗೇಡಿತನದಲ್ಲಿ ಸುಮಾರು 40% ಸಿಕ್ಕಿಬೀಳುತ್ತದೆ. ಸಾವಿರಕ್ಕೆ ಎರಡೂವರೆ ಹೋದರೂ ಸರಿ ಅಂದರೆ ಸುಮಾರು 55% ಸಿಗುತ್ತದೆ. ಅವರು ಬಿಗಿಯಾದ ಲೆಕ್ಕವನ್ನೇ ಆರಿಸಿಕೊಂಡರು. ಉಳಿದದ್ದು ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ, ಅದನ್ನು ಜನ ನೋಡಿಕೊಳ್ಳುತ್ತಾರೆ, ಒಳ್ಳೆಯ ಮನಸ್ಸಿನಿಂದ ಬರೆದವರಿಗೆ ಏಟು ಬೀಳುವುದು ಬೇಡ ಅಂತ. ಆ ಸಾವಿರದಲ್ಲಿ ಒಬ್ಬರು ನೀವಾಗಿದ್ದೀರಿ ಅನ್ನಿಸುತ್ತದೆ. ನಿಮಗೆ ಇದರಿಂದ ಸಮಾಧಾನ ಆಗದಿರಬಹುದು, ಆದರೆ ನನ್ನ ಪ್ರಕಾರ ಗೆರೆ ಸರಿಯಾದ ಕಡೆಯೇ ಇದೆ.

ಹಾಗಾದರೆ ಬಾಟ್ ಇಲ್ಲದೆ ನಡೆಯುವುದಿಲ್ಲವಾ? ನಡೆಯುತ್ತದೆ, ನಿಧಾನವಾಗಿ. 2011ರಲ್ಲಿ ಕ್ಲೂಬಾಟ್ ಎನ್‌ಜಿ ಕೆಲವು ಸಲ ಕೆಟ್ಟು ನಿಂತಿತ್ತು. ಆ ದಿನಗಳಲ್ಲಿ ಏನಾಯಿತು ಅಂತ ಸ್ಟುವರ್ಟ್ ಗೈಗರ್ ಮತ್ತು ಆರನ್ ಹಾಫೇಕರ್ ಎಂಬ ಸಂಶೋಧಕರು ಆಮೇಲೆ ಅಳೆದು ನೋಡಿದರು. ಕೆಟ್ಟ ಬದಲಾವಣೆಗಳು ಹೇಗೋ ಕೊನೆಗೆ ತೆಗೆಯಲ್ಪಟ್ಟಿದ್ದವು. ಆದರೆ ಅದಕ್ಕೆ ಹಿಡಿದ ಸಮಯ ಮಾತ್ರ ಸುಮಾರು ಎರಡು ಪಟ್ಟಾಗಿತ್ತು.

ಕಾವಲು ಕಾಯುವ ಬಾಟ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಯಾಕೆಂದರೆ ಅದು ನೋಯಿಸುತ್ತದೆ. ಬೇರೆ ಬಾಟ್‌ಗಳು ಸದ್ದಿಲ್ಲದೆ ದುಡಿಯುತ್ತವೆ. ಲೇಖನದ ಕೆಳಗಿನ ಆಧಾರದ ಕೊಂಡಿ ಸತ್ತುಹೋದರೆ ಇಂಟರ್‌ನೆಟ್ ಆರ್ಕೈವ್ ಬಾಟ್ ಅದರ ಹಳೆಯ ಪ್ರತಿಯನ್ನು ಹುಡುಕಿ ಜೋಡಿಸುತ್ತದೆ. 2018ರ ಹೊತ್ತಿಗೇ 60 ಲಕ್ಷಕ್ಕೂ ಜಾಸ್ತಿ ಕೊಂಡಿಗಳು ಹೀಗೆ ಸರಿಯಾಗಿದ್ದವು. 2002ರಲ್ಲಿ ರ‍್ಯಾಮ್‌ಬಾಟ್ ಎಂಬುದು ಅಮೆರಿಕದ ಜನಗಣತಿಯ ಅಂಕಿಗಳನ್ನು ಇಟ್ಟುಕೊಂಡು ಅಲ್ಲಿನ ಊರುಗಳ ಬಗ್ಗೆ 30 ಸಾವಿರಕ್ಕೂ ಹೆಚ್ಚು ಲೇಖನ ಹುಟ್ಟಿಸಿತ್ತು. ಇದು ಒಳ್ಳೆಯದಾ ಕೆಟ್ಟದ್ದಾ ಅಂತ ಆಗ ಜಗಳವೂ ಆಯಿತು.

ನನಗೆ ಜಾಸ್ತಿ ಇಷ್ಟವಾದ ಕಥೆ ಹೇಗರ್‌ಮನ್‌ಬಾಟ್‌ದು. ವಿಕಿಪೀಡಿಯದ ಚರ್ಚೆಪುಟದಲ್ಲಿ ಬರೆದವರು ಕೊನೆಗೆ ಸಹಿ ಹಾಕಬೇಕು. ಎಷ್ಟೋ ಜನ ಮರೆಯುತ್ತಿದ್ದರು. ಯಾರು ಯಾರಿಗೆ ಏನು ಹೇಳಿದರು ಅಂತಲೇ ತಿಳಿಯುತ್ತಿರಲಿಲ್ಲ. 2006ರ ಕೊನೆಗೆ ಈ ಬಾಟ್ ಬಂದು, ಸಹಿ ಇಲ್ಲದ ಮಾತಿಗೆಲ್ಲ ತಾನೇ ಸಹಿ ಅಂಟಿಸತೊಡಗಿತು. ಒಳ್ಳೆಯ ಕೆಲಸವೇ ಅಲ್ವಾ? ಆದರೂ ಕೆಲವರು ಸಿಟ್ಟಾದರು. ನನ್ನ ಮಾತಿಗೆ ಸಹಿ ಹಾಕಲು ಇದು ಯಾರು ಎಂಬುದು ಅವರ ತಕರಾರು. ಸಹಿ ಹಾಕುವ ನಿಯಮ ಮೊದಲಿಂದಲೂ ಇತ್ತು, ಆದರೆ ಮನುಷ್ಯರ ನಡುವೆ ಅದಕ್ಕೆ ಒಂದಿಷ್ಟು ಸಡಿಲ ಇತ್ತು. ಯಂತ್ರಕ್ಕೆ ಸಡಿಲ ಗೊತ್ತಿಲ್ಲ. ಕೊನೆಗೆ ದಾರಿ ಕಂಡುಕೊಂಡರು: ಬಾಟ್ ಬೇಡ ಅನ್ನುವವರು ತಮ್ಮ ಪುಟದಲ್ಲಿ ಒಂದು ಗುರುತು ಹಾಕಿಕೊಂಡರೆ ಸಾಕು, ಅದು ಅವರ ತಂಟೆಗೆ ಬರುವುದಿಲ್ಲ. ಹೀಗೆ ಬಾಟ್‌ಗೆ ಬೇಡ ಅನ್ನುವ ಪದ್ಧತಿ ಅಲ್ಲಿ ಬೇರೂರಿತು. ಆಮೇಲೆ ಸಹಿ ಹಾಕುವ ಕೆಲಸ ಸೈನ್‌ಬಾಟ್‌ಗೆ ಹೋಯಿತು.

ಬಾಟ್‌ಗಳು ಒಂದರ ಮೇಲೊಂದು ಬಿದ್ದು ಕಾದಾಡುತ್ತವೆ ಅಂತ ನೀವು ಎಲ್ಲಾದರೂ ಓದಿರಬಹುದು. 2017ರಲ್ಲಿ ಈ ಸುದ್ದಿ ಜೋರಾಗಿ ಓಡಿತ್ತು. ಆಕ್ಸ್‌ಫರ್ಡ್‌ನ ಸಂಶೋಧಕರು 2001ರಿಂದ 2010ರವರೆಗಿನ ದಾಖಲೆ ನೋಡಿ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೊಂದು ಬಾಟ್ ಹತ್ತು ವರ್ಷದಲ್ಲಿ ಸರಾಸರಿ 105 ಸಲ ಇನ್ನೊಂದು ಬಾಟ್ ಮಾಡಿದ್ದನ್ನು ತಿರುಗಿಸಿದೆ ಎಂದರು. ಪತ್ರಿಕೆಗಳು ಅದನ್ನು ಬಾಟ್‌ಗಳ ಯುದ್ಧ ಮಾಡಿಬಿಟ್ಟವು. ಅದೇ ವರ್ಷ ಗೈಗರ್ ಮತ್ತು ಹಾಫೇಕರ್ ಒಳಗೆ ಇಳಿದು ನೋಡಿದಾಗ ಬಹುಪಾಲು ಅದು ಜಗಳವೇ ಆಗಿರಲಿಲ್ಲ. ಒಂದು ಪುಟದ ಹೆಸರು ಬದಲಾದಾಗ ಹಳೆಯ ಹೆಸರಿನಿಂದ ಹೊಸದಕ್ಕೆ ದಾರಿ ತೋರಿಸುವ ಕೊಂಡಿಯನ್ನು ಒಂದು ಬಾಟ್ ಸರಿಮಾಡುತ್ತದೆ. ತಿಂಗಳ ನಂತರ ಜನ ಮನಸ್ಸು ಬದಲಿಸಿ ಹಳೆಯ ಹೆಸರಿಗೇ ಹೋಗುತ್ತಾರೆ. ಆಗ ಇನ್ನೊಂದು ಬಾಟ್ ಬಂದು ಕೊಂಡಿಯನ್ನು ಮೊದಲಿನಂತೆ ಮಾಡುತ್ತದೆ. ಎಣಿಸುವವನಿಗೆ ಇದು ಹೊಡೆದಾಟದ ಹಾಗೆ ಕಾಣುತ್ತದೆ. ಮನಸ್ಸು ಬದಲಿಸಿದ್ದು ಜನ, ಬಾಟ್‌ಗಳು ಅವರ ಹಿಂದೆ ಗುಡಿಸಿಕೊಂಡು ಬಂದವು, ಅಷ್ಟೇ.

ಕನ್ನಡದಲ್ಲೂ ಇದರ ಗುರುತು ಇದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಯಾವುದಾದರೂ ಹಳೆಯ ಪುಟದ ಇತಿಹಾಸ ತೆಗೆದು 2013ಕ್ಕಿಂತ ಹಿಂದಕ್ಕೆ ಹೋಗಿ. ಬಾಟ್‌ಗಳ ಹೆಸರುಗಳೇ ಸಾಲಾಗಿ ಸಿಗುತ್ತವೆ. ಆಗ ಇದೇ ವಿಷಯ ತಮಿಳಿನಲ್ಲಿ ಇಲ್ಲಿದೆ, ಜರ್ಮನ್‌ನಲ್ಲಿ ಇಲ್ಲಿದೆ ಅನ್ನುವ ಕೊಂಡಿಗಳು ಪ್ರತಿ ಪುಟದ ಕೆಳಗೂ ಬೇರೆಬೇರೆ ಇರುತ್ತಿದ್ದವು. ಅವನ್ನು ಸೇರಿಸಿ, ತಿದ್ದಿ ಇಟ್ಟದ್ದು ಬಾಟ್‌ಗಳು. 2012ರಲ್ಲಿ ವಿಕಿಡೇಟಾ ಬಂತು, ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಹಂಚಿಕೊಳ್ಳುವ ಮಾಹಿತಿಯ ಕಣಜ ಅದು. ಮರುವರ್ಷ ಎಲ್ಲ ಭಾಷೆಗಳ ಕೊಂಡಿಗಳೂ ಅಲ್ಲಿ ಒಂದೇ ಕಡೆ ಸೇರಿದವು. ಬಾಟ್‌ಗಳು ವರ್ಷಗಟ್ಟಲೆ ಸೇರಿಸಿದ್ದನ್ನು ಬಾಟ್‌ಗಳೇ ತೆಗೆದು ಖಾಲಿ ಮಾಡಿದವು. ಎಣಿಸಿದರೆ ಇದೂ ಒಂದು ಯುದ್ಧ!

ಯಾರು ಬೇಕಾದರೂ ಬಾಟ್ ತಂದು ಬಿಡಲು ಆಗುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದಕ್ಕೊಂದು ಒಪ್ಪಿಗೆ ಕೊಡುವ ಗುಂಪೇ ಇದೆ. ಮೊದಲು ಸ್ವಲ್ಪ ಓಡಿಸಿ ತೋರಿಸಬೇಕು, ಹೊಣೆ ಪೂರ್ತಿ ನಡೆಸುವವರದೇ. ದಾರಿ ತಪ್ಪಿದರೆ ನಿರ್ವಾಹಕರು ತಕ್ಷಣ ನಿಲ್ಲಿಸುತ್ತಾರೆ. ಕನ್ನಡದಲ್ಲಿ ಇಂಥ ಸಮುದಾಯದ ವಿಷಯ ಮಾತಾಡುವ ಪುಟದ ಹೆಸರು ಅರಳಿಕಟ್ಟೆ.

ಈಗ ನಿಮ್ಮ ತಿದ್ದುಪಡಿಗೆ ಬರೋಣ. ಬಾಟ್ ನಿಮಗೆ ಬಿಟ್ಟಿರುವ ಸಂದೇಶದಲ್ಲಿ, ಇದು ತಪ್ಪಾಗಿ ಹೋಗಿದೆ ಅಂತ ತಿಳಿಸಲು ಒಂದು ಕೊಂಡಿ ಇರುತ್ತದೆ. ಅಲ್ಲಿ ತಿಳಿಸಿ, ಅದನ್ನು ಮನುಷ್ಯರು ನೋಡುತ್ತಾರೆ. ನೀವೇ ಮತ್ತೆ ಹಾಕಲೂಬಹುದು, ಒಬ್ಬರದೇ ಬದಲಾವಣೆಯನ್ನು ಒಂದೇ ಪುಟದಲ್ಲಿ ದಿನಕ್ಕೆ ಎರಡನೇ ಸಲ ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಈ ಸಲ ಸುಮ್ನೆ ಹಾಕಬೇಡಿ. ಏನು ಬದಲಿಸಿದಿರಿ, ಯಾಕೆ ಅಂತ ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಿರಿ. ಆಧಾರ ಕೊಡಿ: ಜಿಲ್ಲಾ ಗೆಜೆಟಿಯರ್, ಜನಗಣತಿ, ಪತ್ರಿಕೆಯ ವರದಿ, ಯಾವುದಾದರೂ ಸರಿ. ಕನ್ನಡದ ಆಧಾರವೂ ನಡೆಯುತ್ತದೆ. ಇಂಗ್ಲಿಷ್ ಪುಟಕ್ಕೆ ಇಂಗ್ಲಿಷ್ ಆಧಾರವೇ ಬೇಕು ಅನ್ನುವ ನಿಯಮ ಇಲ್ಲ.