ದೃಷ್ಟಿ ಬಿದ್ದ ಶಾಫ್ಟಿನ ಒಳಗೆ

ಸೇಡಂ, ಚಿತ್ತಾಪುರ ಕಡೆಯ ಸುಣ್ಣದಕಲ್ಲಿನ ಗಣಿಗಳಲ್ಲಿ ಕ್ರಷರ್ ಶಾಫ್ಟ್ (ಕಲ್ಲೊಡೆಯುವ ಯಂತ್ರದ ತಿರುಗುವ ಉಕ್ಕಿನ ದಂಡ) ಮುರಿದರೆ ಎರಡು ಮಾತು ಖಾಯಂ. ಒಂದು, ‘ಯಾರದೋ ದೃಷ್ಟಿ ತಾಕಿದೆ’. ಇನ್ನೊಂದು, ‘ನಿನ್ನೆ ತನಕ ಚೆನ್ನಾಗೇ ಇತ್ತು, ಒಮ್ಮೆಲೇ ಮುರೀತು’. ಮೊದಲನೆಯದಕ್ಕೆ ನಿಂಬೆಹಣ್ಣು ಕಟ್ಟಿ ಸುಮ್ಮನಾಗುತ್ತಾರೆ. ಎರಡನೆಯದನ್ನು ಓದಿದವರೂ ಹೇಳುತ್ತಾರೆ, ಅದೇ ನನಗೆ ಜಾಸ್ತಿ ಸಿಟ್ಟು.

ಮುರಿದ ಮುಖವನ್ನು ಡೀಸೆಲ್ ಹಾಕಿ ಒರೆಸಿ ನೋಡಿ. ಬಹಳಷ್ಟು ಸಲ ಒಂದು ಭಾಗ ನುಣ್ಣಗಿರುತ್ತದೆ, ಅದರ ಮೇಲೆ ಸಾಲುಸಾಲಾಗಿ ಬಾಗಿದ ಗೆರೆಗಳು. ಉಳಿದದ್ದು ಒರಟು. ನುಣುಪು ಭಾಗ ದಿನವೂ ಒಂದಿಷ್ಟು ಬೆಳೆದ ಹಳೇ ಬಿರುಕು. ಒರಟು ಭಾಗ ಮಾತ್ರ ಇವತ್ತಿನದು. ಗೆರೆಗಳ ಬಾಗು ಹಿಡಿದು ಹಿಂದೆ ಹೋದರೆ ಬಿರುಕು ಹುಟ್ಟಿದ ಜಾಗ ಸಿಗುತ್ತದೆ: ಕೀವೇ (ಚಕ್ರ ಜಾರದಂತೆ ಬೆಣೆ ಕೂರಿಸಲು ಶಾಫ್ಟಿನಲ್ಲಿ ಕೊರೆದ ಗಾಡಿ) ಮೂಲೆ, ಇಲ್ಲವೇ ಯಾರೋ ತಾಗಿಸಿದ ವೆಲ್ಡಿಂಗ್ ಚುಕ್ಕೆ.

1842ರಲ್ಲಿ ಫ್ರಾನ್ಸಿನ ವರ್ಸೈ ರೈಲುಮಾರ್ಗದಲ್ಲಿ ಎಂಜಿನ್ನಿನ ಅಚ್ಚು ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಅಲುಗಾಡಿ ಅಲುಗಾಡಿ ಕಬ್ಬಿಣ ಒಳಗೊಳಗೇ ಹರಳುಗಟ್ಟುತ್ತದೆ ಎಂದು ಆಗ ಬಹಳ ಜನ ನಂಬಿದ್ದರು. ಅದೂ ಮೂಢನಂಬಿಕೆಯೇ, ಕೋಟು ತೊಟ್ಟಿತ್ತು ಅಷ್ಟೇ. ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ತೋರಿಸಿದರು: ಒಂದೇ ಸಲಕ್ಕೆ ಮುರಿಯದ ಭಾರವೂ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ. ನಿಮಿಷಕ್ಕೆ 300 ಸುತ್ತು ತಿರುಗುವ ಶಾಫ್ಟಿಗೆ 10 ಲಕ್ಷ ಸುತ್ತು ಮುಗಿಸಲು 56 ಗಂಟೆ ಸಾಕು.

ಇಂಥ ಬಿರುಕು ಸುಲಭಕ್ಕೆ ಹುಟ್ಟದಂತೆ ಮಾಡುವುದರಲ್ಲೇ ಫೋರ್ಜಿಂಗ್‌ನ, ಅಂದರೆ ಕಾಯಿಸಿದ ಉಕ್ಕನ್ನು ಒತ್ತಿ ರೂಪ ಕೊಡುವ ಕೆಲಸದ, ಸೊಗಸು ಇರುವುದು. ಸುಮಾರು 1200 ಡಿಗ್ರಿಗೆ ಕಾಯಿಸಿದ ಉಕ್ಕನ್ನು ಪ್ರೆಸ್ಸಿನಲ್ಲಿ ಹಿಂಡಿದರೆ ಎರಕದಲ್ಲಿ ಉಳಿದ ಸಣ್ಣ ತೂತುಗಳು ಬೆಸೆದುಕೊಳ್ಳುತ್ತವೆ. ಒಳಗಿನ ಕಲ್ಮಶ ಎಳೆ ಎಳೆಯಾಗಿ ಉದ್ದಕ್ಕೆ ಮಲಗುತ್ತದೆ. ಕೊಡಲಿ ಕಾವಿನಲ್ಲಿ ಕಟ್ಟಿಗೆಯ ಎಳೆ ಉದ್ದಕ್ಕೇ ಇರಬೇಕು ಅಂತ ನಮ್ಮ ಬಡಿಗರಿಗೆ ಹೇಳಿಕೊಡಬೇಕಿಲ್ಲ, ಅಲ್ವಾ? ಉಕ್ಕಿಗೂ ಅದೇ ಲೆಕ್ಕ. ದಪ್ಪ ರೌಂಡ್ ಬಾರ್ ತಂದು ಲೇಥಿನಲ್ಲಿ ಕಾಲರ್ (ಶಾಫ್ಟಿನ ಸುತ್ತ ಬಳೆಯಂತೆ ಉಬ್ಬಿದ ಭಾಗ) ಕಡಿದರೆ ಎಳೆಗಳು ಮೂಲೆಯಲ್ಲೇ ತುಂಡಾಗುತ್ತವೆ. ಫೋರ್ಜ್ ಮಾಡಿದ ಕಾಲರಿನಲ್ಲಿ ಎಳೆ ಮೂಲೆಯನ್ನು ಬಳಸಿಕೊಂಡು ಹೋಗುತ್ತದೆ. ಅದೇ ಇಎನ್-24 (ಶಾಫ್ಟುಗಳಿಗೆ ಬಳಸುವ ಗಟ್ಟಿ ಮಿಶ್ರಲೋಹದ) ಉಕ್ಕು, ಅದೇ ಅಳತೆ, ಬಾಳಿಕೆ ಮಾತ್ರ ಬೇರೆ.

ಹಾಗಂತ ಎಲ್ಲವನ್ನೂ ಫೋರ್ಜ್ ಮಾಡಬೇಕಿಲ್ಲ. ಕಲ್ಲೊಡೆಯುವ ಹ್ಯಾಮರ್‌ಗಳು ಸಾಮಾನ್ಯವಾಗಿ ಎರಕದ ಮ್ಯಾಂಗನೀಸ್ ಉಕ್ಕು. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದದ್ದು. ಏಟು ಬಿದ್ದಷ್ಟೂ ಅದರ ಮೈ ಗಟ್ಟಿಯಾಗುತ್ತದೆ.

ಶಾಫ್ಟಿಗೆ ಆ ಭಾಗ್ಯವಿಲ್ಲ, ಅದನ್ನು ಆಗಾಗ ನೋಡುತ್ತಿರಬೇಕು. ಆಯುಧ ಪೂಜೆಗೆ ಮಷೀನು ಹೇಗೂ ನಿಂತಿರುತ್ತದೆ. ಕೆಂಪು ಡೈ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಕೂದಲೆಳೆಯ ಬಿರುಕೂ ಕೆಂಪಗೆ ಎದ್ದು ಕಾಣುತ್ತದೆ. ಕಂಡರೆ ವೆಲ್ಡ್ ಹೊಡೆಸಿ ಮುಚ್ಚಬೇಡಿ. ಇಎನ್-24 ಅನ್ನು ಮೊದಲೇ ಬಿಸಿ ಮಾಡದೆ ವೆಲ್ಡ್ ಮಾಡಿದರೆ ಪಕ್ಕದ ಉಕ್ಕು ಪೆಡಸಾಗಿ ಅಲ್ಲೇ ಹೊಸ ಬಿರುಕು ಬಿಡುತ್ತದೆ.