ಮೈಕ್ ಇಲ್ಲದ ದನಿ, ತಿಳಿಯದ ಮಾತು

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೇರಾ ಹೌಸಿನಲ್ಲಿ ಸುಮಾರು 3,800 ಸೀಟುಗಳಿವೆ. ದೊಡ್ಡ ಒಪೇರಾ, ಅಂದರೆ ಹಾಡಿನಲ್ಲೇ ಆಡುವ ನಾಟಕ, ಇದ್ದ ದಿನ ವೇದಿಕೆ ಮುಂದಿನ ತಗ್ಗಿನಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಪಿಟೀಲು, ತುತ್ತೂರಿ, ನಗಾರಿ ಹಿಡಿದು ಕೂತಿರುತ್ತಾರೆ. ಹಾಡುವವರಿಗೆ ಮೈಕ್ ಇಲ್ಲ. ಆದರೂ ಕೊನೇ ಸಾಲಿನವರಿಗೂ ಗಾಯಕನ ದನಿ ಬಿಡಿಯಾಗಿ ಕೇಳಿಸುತ್ತದೆ. ಸುಮ್ನೆ ಕಿರುಚಿದರೆ ಆಗುವ ಕೆಲಸವಲ್ಲ ಇದು.

ಶುರುವಿನಲ್ಲಿ ಈ ಕಷ್ಟವೇ ಇರಲಿಲ್ಲ. 1600ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸಿನ ಕೆಲವು ಕವಿಗಳು, ಸಂಗೀತಗಾರರು ಹಳೇ ಗ್ರೀಕ್ ನಾಟಕಗಳನ್ನು ಹಾಡಿಯೇ ಆಡುತ್ತಿದ್ದರು ಎಂದು ನಂಬಿ, ಅಂಥದ್ದನ್ನು ಮತ್ತೆ ಕಟ್ಟಲು ಹೊರಟರು. ಅವರಿಗೆ ಮುಖ್ಯವಾಗಿದ್ದದ್ದು ಮಾತು. ಆಡುಮಾತಿನ ಏರಿಳಿತವೇ ಹಾಡಾಗಬೇಕು, ವಾದ್ಯದ ಸದ್ದಿನಲ್ಲಿ ಒಂದಕ್ಷರವೂ ಮುಚ್ಚಿಹೋಗಬಾರದು. ಅವರಲ್ಲೊಬ್ಬನಾದ ಯಾಕೊಪೊ ಪೆರಿಯ 'ಎಉರಿಡೀಚೆ' ಒಪೇರಾವನ್ನು 1600ರಲ್ಲಿ ಆಡಿದ್ದು ಅರಮನೆಯಲ್ಲಿ, ಮದುವೆಗೆ ಬಂದ ಅತಿಥಿಗಳ ಮುಂದೆ, ಬೆರಳೆಣಿಕೆಯ ವಾದ್ಯಗಳ ಜೊತೆ.

1637ರಲ್ಲಿ ವೆನಿಸ್ಸಿನ ಸ್ಯಾನ್ ಕಸ್ಸಿಯಾನೊ ರಂಗಮಂದಿರ ಟಿಕೆಟ್ ಕೊಂಡ ಯಾರಿಗೆ ಬೇಕಾದರೂ ಒಪೇರಾ ತೋರಿಸಲು ಶುರುಮಾಡಿತು. ಕಾಲ ಹೋದ ಹಾಗೆ ರಂಗಮಂದಿರಗಳು ದೊಡ್ಡದಾದವು, ವಾದ್ಯಗಳೂ ಜಾಸ್ತಿಯಾದವು. ಹಾಡುವ ರೀತಿಯೂ ಬದಲಾಗಲೇಬೇಕಾಯಿತು. ಮೊದಲು ಟೆನರ್ ಗಾಯಕರು, ಅಂದರೆ ಎತ್ತರದ ದನಿಯ ಗಂಡಸರು, ತೀರಾ ಮೇಲಿನ ಸ್ವರ ಬಂದಾಗ ತೆಳು ದನಿಗೆ ಜಾರಿಕೊಳ್ಳುತ್ತಿದ್ದರು. 1837ರಲ್ಲಿ ಪ್ಯಾರಿಸ್ಸಿನಲ್ಲಿ ಗಿಲ್ಬರ್ ಡ್ಯೂಪ್ರೆ ಒಂದು ಒಪೇರಾದಲ್ಲಿ ಅಂಥ ಸ್ವರವನ್ನು ತುಂಬು ಎದೆದನಿಯಲ್ಲೇ ಎತ್ತಿ ಹಾಡಿದ. ಆ ಒಪೇರಾ ಬರೆದ ರೊಸ್ಸಿನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಜನ ಹುಚ್ಚೆದ್ದರು. ಗೆದ್ದದ್ದು ಜನವೇ.

ದನಿ ವಾದ್ಯಗಳನ್ನು ದಾಟಿ ಬರುವ ಗುಟ್ಟನ್ನು ಅಳತೆ ಹಿಡಿದು ತೋರಿಸಿದವರು ಸ್ವೀಡನ್ನಿನ ದನಿ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್, 1970ರ ದಶಕದಲ್ಲಿ. ವಾದ್ಯವೃಂದದ ಸದ್ದಿನ ಬಲ ಹೆಚ್ಚಾಗಿ ಇರುವುದು 500 ಹರ್ಟ್ಜ್ (ಸೆಕೆಂಡಿಗೆ 500 ಕಂಪನ) ಸುತ್ತಮುತ್ತ. ಅಲ್ಲಿಂದ ಮೇಲೆ ಹೋದಷ್ಟೂ ಅದು ಸೊರಗುತ್ತದೆ. ಪಳಗಿದ ಗಾಯಕನ, ಅದರಲ್ಲೂ ಗಂಡಸರ ದನಿಯಲ್ಲಿ 3,000 ಹರ್ಟ್ಜ್ ಹತ್ತಿರ ಇನ್ನೊಂದು ಗುಡ್ಡ ಏಳುತ್ತದೆ. ನಮ್ಮ ಕಿವಿ ತೀರಾ ಚುರುಕಾಗಿರುವುದೂ ಹೆಚ್ಚುಕಡಿಮೆ ಅಲ್ಲೇ.

ಆ ಗುಡ್ಡ ಏಳುವುದು ಹೇಗೆ? ಆಕಳಿಸುವಾಗ ಗಂಟಲಗಂಟಿನ ಮೇಲೆ ಬೆರಳಿಟ್ಟು ನೋಡಿ, ಅದು ಕೆಳಗಿಳಿಯುತ್ತದೆ. ಗಾಯಕ ಹಾಡುವಾಗಲೂ ಅದನ್ನು ಹೀಗೇ ಕೆಳಗಿಟ್ಟಿರುತ್ತಾನೆ. ಆಗ ಗಂಟಲಿನ ಕೆಳಭಾಗ ಅಗಲವಾಗುತ್ತದೆ. ಧ್ವನಿತಂತುಗಳ ಮೇಲೇ ಇರುವ ಒಂದು ಇಕ್ಕಟ್ಟಾದ ಕೊಳವೆ ಮಾತ್ರ ಹಾಗೇ ಉಳಿದು, ತಾನೇ ಬೇರೆಯಾಗಿ ಅನುರಣಿಸುತ್ತದೆ, ಅಂದರೆ ತನಗೆ ಹೊಂದುವ ಕಂಪನವನ್ನು ಹಿಡಿದು ಜೋರಾಗಿಸುತ್ತದೆ. ಇದಕ್ಕೆ ಹೆಚ್ಚಿನ ಉಸಿರಿನ ಬಲ ಬೇಕಿಲ್ಲ. ಇರುವ ಶಕ್ತಿಯನ್ನೇ ವಾದ್ಯಗಳಿಲ್ಲದ ಜಾಗಕ್ಕೆ ಕಳಿಸಿದ ಹಾಗೆ, ಅಷ್ಟೆ.

ಹೆಂಗಸರ ಎತ್ತರದ ಸೊಪ್ರಾನೊ ದನಿಯ ದಾರಿ ಬೇರೆ. ಅವರ ಮೇಲಿನ 'ಸಿ' ಸ್ವರವೇ ಸುಮಾರು 1,050 ಹರ್ಟ್ಜ್. ಸ್ವರಾಕ್ಷರಗಳನ್ನು ನಾವು ಗುರುತಿಸುವುದು ಬಾಯಿ-ಗಂಟಲಿನ ಅನುರಣನಗಳಿಂದ. 'ಈ' ಅಂದಾಗ ಮೊದಲನೆಯದು ಸುಮಾರು 300 ಹರ್ಟ್ಜ್‌ನಲ್ಲಿರುತ್ತದೆ. ಹಾಡುವ ಸ್ವರ ಅದಕ್ಕಿಂತ ಎಷ್ಟೋ ಮೇಲಿದ್ದರೆ ಆ ಅನುರಣನದಿಂದ ಏನೂ ಉಪಯೋಗವಿಲ್ಲ. ಆದ್ದರಿಂದ ಗಾಯಕಿ ಸ್ವರ ಏರಿದ ಹಾಗೆ ದವಡೆ ಇಳಿಸುತ್ತಾ, ಅನುರಣನವನ್ನೂ ಸ್ವರದ ಜೊತೆಗೇ ಮೇಲೆತ್ತುತ್ತಾಳೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು 2004ರಲ್ಲಿ ಇದನ್ನು ಅಳೆದು ತೋರಿಸಿದರು. ದನಿ ದೊಡ್ಡದಾಗುತ್ತದೆ, ಆದರೆ 'ಈ', 'ಊ', 'ಆ' ಎಲ್ಲ ಒಂದೇ ಥರ ಕೇಳಿಸುತ್ತವೆ. ಎತ್ತರದ ಹಾಡಿನಲ್ಲಿ ಮಾತು ತಿಳಿಯದಿದ್ದರೆ ಗಾಯಕಿಯನ್ನು ಬೈಯಬೇಡಿ. ಅಲ್ಲಿ ಎಷ್ಟೇ ಸ್ಪಷ್ಟ ಉಚ್ಚಾರಣೆಯೂ ಸ್ವರಾಕ್ಷರವನ್ನು ಉಳಿಸಲಾರದು.

ಫ್ಲಾರೆನ್ಸಿನವರು ಇದನ್ನು ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು, ಅಲ್ವಾ? 1983ರಲ್ಲಿ ಟೊರಾಂಟೊದ ಕೆನಡಿಯನ್ ಒಪೇರಾ ಕಂಪನಿ ವೇದಿಕೆಯ ಮೇಲ್ಗಡೆ ಪರದೆ ಕಟ್ಟಿ, ಹಾಡಿನ ಅರ್ಥ ತೋರಿಸಿತು. ಇದು ಕಲೆಗೆ ಅವಮಾನ ಎಂದು ಗೊಣಗಿದವರೂ ಇದ್ದರು. ಮೆಟ್ರೋಪಾಲಿಟನ್‌ನವರು 1995ರಲ್ಲಿ ಪ್ರತಿ ಸೀಟಿನ ಬೆನ್ನಿಗೇ ಪುಟ್ಟ ಪರದೆ ಕೂರಿಸಿದರು. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಒಪೇರಾ ಹಾಡುವುದೇ ಇಂಗ್ಲಿಷಿನಲ್ಲಿ. ಅಲ್ಲಿಯೂ ಈಗ ವೇದಿಕೆಯ ಮೇಲೆ ಅದೇ ಹಾಡು ಇಂಗ್ಲಿಷಿನಲ್ಲೇ ಬರೆದು ಬರುತ್ತದೆ.