ಋಣಾತ್ಮಕ ಪುನರ್ಬಲನ ಎಂದರೆ ಬೆತ್ತವಲ್ಲ

ಧಾರವಾಡದ ಸಪ್ತಾಪುರದಲ್ಲಿ ಜೆರಾಕ್ಸ್ ಅಂಗಡಿಯ ಮುಂದೆ ಸರದಿಗಾಗಿ ಕಾಯುತ್ತ ನಿಂತಿದ್ದೆ. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳ ನೋಟ್ಸು ಯಂತ್ರದಿಂದ ಒಂದೊಂದೇ ಹಾಳೆಯಾಗಿ ಹೊರಬರುತ್ತಿತ್ತು. ಬೇಡವೆಂದರೂ ಕಣ್ಣಿಗೆ ಬಿತ್ತು: ‘ಋಣಾತ್ಮಕ ಪುನರ್ಬಲನ. ಉದಾ: ಹೊಡೆಯುವುದು, ಬೈಯುವುದು, ದಂಡ ಹಾಕುವುದು.’ ಮನೋವಿಜ್ಞಾನದ ಈ ಪದವನ್ನು (ಇಂಗ್ಲಿಷಿನ ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’) ಶಿಕ್ಷೆಯೆಂದು ಬಗೆಯುವ ತಪ್ಪನ್ನು ಈ ವರ್ಷ ನಾನು ನೋಡಿದ್ದು ಇದು ನಾಲ್ಕನೆಯ ಸಲ. ಮೂರನೆಯದು ಒಂದು ಶಾಲೆಯ ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು: ‘ಗೃಹಪಾಠ ಮಾಡದ ಮಕ್ಕಳಿಗೆ ಋಣಾತ್ಮಕ ಪುನರ್ಬಲನ ನೀಡಲಾಗುವುದು.’ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಬೆತ್ತಕ್ಕೆ ಮನೋವಿಜ್ಞಾನದ ಅಂಗಿ ತೊಡಿಸಿದರೆ ಅದು ಬೇರೆಯೇ ವಸ್ತುವಾಗುತ್ತದೆ ಎಂದು ಯಾರೋ ನಂಬಿದಂತಿದೆ.

ಈ ಪದ ಬಂದದ್ದು ವರ್ತನಾವಾದದಿಂದ, ಅಂದರೆ ಕಲಿಕೆಯನ್ನು ಹೊರಗೆ ಕಾಣುವ ವರ್ತನೆಯಿಂದ ಅಳೆಯುವ ಮನೋವಿಜ್ಞಾನದಿಂದ. ಅದರ ಹಿನ್ನೆಲೆ ಡಿ.ಇಡಿ, ಬಿ.ಇಡಿ ಓದಿದವರಿಗೆಲ್ಲ ಬಾಯಿಪಾಠವಿರುತ್ತದೆ, ಬೇಗ ಮುಗಿಸುತ್ತೇನೆ. ಊಟದ ಸುಳಿವು ಸಿಕ್ಕರೆ ಸಾಕು, ನಾಯಿಗೆ ಜೊಲ್ಲು ಸುರಿಯುತ್ತದೆ ಎಂದು ತೋರಿಸಿದ ಪಾವ್ಲೋವ್ ಮನೋವಿಜ್ಞಾನಿಯೇ ಅಲ್ಲ, ಶರೀರವಿಜ್ಞಾನಿ. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟು, ಅವು ಪ್ರಯತ್ನ ಮಾಡಿ, ತಪ್ಪಿ, ಮತ್ತೆ ಪ್ರಯತ್ನಿಸಿ ಅಗುಳಿ ತೆಗೆಯಲು ಕಲಿಯುವುದನ್ನು ವರದಿ ಮಾಡಿದರು. ಮನಸ್ಸಿನೊಳಗೆ ಇಣುಕುವುದು ಬೇಡ, ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಳೆಯೋಣ ಎಂದು ವಾಟ್ಸನ್ 1913ರಲ್ಲಿ ಸಾರಿದರು. ಆಮೇಲೆ ಬಂದ ಸ್ಕಿನ್ನರ್ ಇಲಿಯನ್ನು ಪೆಟ್ಟಿಗೆಯಲ್ಲಿಟ್ಟು, ಒತ್ತಿದರೆ ಆಹಾರ ಬೀಳುವ ಲಿವರ್ ಅದರ ಕೈಗೆ ಕೊಟ್ಟರು. ಲೈನ್ ಬಜಾರಿನಲ್ಲಿ ಪೇಡೆಯ ಡಬ್ಬಿ ಕಂಡೊಡನೆ ಬಾಯಲ್ಲಿ ನೀರೂರುವುದು ಪಾವ್ಲೋವ್ ಪಾಲಿನದು. ಆ ಪೇಡೆಯ ಆಸೆಗೆ ಮಗು ಹದಿಮೂರರ ಮಗ್ಗಿ ಒಪ್ಪಿಸುವುದು ಸ್ಕಿನ್ನರ್ ಪಾಲಿನದು. ನಮ್ಮ ತಕರಾರು ಇರುವುದು ಈ ಎರಡನೆಯವರ ಮನೆಯಲ್ಲಿ.

‘ಪುನರ್ಬಲನ’ ಎಂಬ ಪದದೊಳಗೆ ‘ಬಲ’ ಕುಳಿತಿದೆ. ಯಾವುದು ಬಲಗೊಳ್ಳುತ್ತದೆ? ವರ್ತನೆ. ಒಂದು ಕೆಲಸದ ಹಿಂದೆಯೇ ಬರುವ ಫಲ ಆ ಕೆಲಸವನ್ನು ಮುಂದೆ ಹೆಚ್ಚಿಸಿದರೆ ಮಾತ್ರ ಅದು ಪುನರ್ಬಲನ. ಹಿಂದೆ ‘ಧನಾತ್ಮಕ’ ಅಂಟಿಸಿದರೂ ಅಷ್ಟೇ, ‘ಋಣಾತ್ಮಕ’ ಅಂಟಿಸಿದರೂ ಅಷ್ಟೇ. ವರ್ತನೆಯನ್ನು ಕುಗ್ಗಿಸುವುದಕ್ಕೆ ಬೇರೆ ಹೆಸರಿದೆ, ಶಿಕ್ಷೆ. ಇಷ್ಟು ನೆನಪಿದ್ದರೂ ಜೆರಾಕ್ಸ್ ಹಾಳೆಯ ಆ ಸಾಲು ಹುಟ್ಟುತ್ತಿರಲಿಲ್ಲ.

ತೊಂದರೆಯೆಲ್ಲ ‘ಋಣ’ದ್ದು. ಕನ್ನಡಿಗನಿಗೆ ಈ ಪದ ಲೆಕ್ಕದ ಪುಸ್ತಕದಿಂದ ಬಂದದ್ದಲ್ಲ. ಅನ್ನದ ಋಣ, ತಾಯಿಯ ಋಣ, ಯಾರಾದರೂ ಊರು ಬಿಟ್ಟರೆ ‘ಋಣ ತೀರಿತು’ ಎನ್ನುವ ನಿಟ್ಟುಸಿರು. ಎಲ್ಲ ಕಡೆಯೂ ತಲೆಯ ಮೇಲಿನ ಭಾರವೇ. ಅದರ ಮೇಲೆ ಪತ್ರಿಕೆಗಳ ‘ಋಣಾತ್ಮಕ ಚಿಂತನೆ’, ‘ಋಣಾತ್ಮಕ ಶಕ್ತಿ’ ಸೇರಿಕೊಂಡು, ಋಣಾತ್ಮಕ ಎಂದರೆ ಕೆಟ್ಟದ್ದು ಎಂಬ ತೀರ್ಮಾನ ಗಟ್ಟಿಯಾಯಿತು. ಆದರೆ ಕೊರೊನಾ ಕಾಲದಲ್ಲಿ ‘ನೆಗೆಟಿವ್ ಬಂತು’ ಎಂದು ಎಷ್ಟು ಮನೆಗಳು ದೇವರಿಗೆ ದೀಪ ಹಚ್ಚಿದವು! ಆಗ ಯಾರಿಗೂ ಗೊಂದಲವಾಗಲಿಲ್ಲ. ಪರೀಕ್ಷೆಯಲ್ಲಿ ರೋಗಾಣು ‘ಇಲ್ಲ’ ಎಂದಷ್ಟೇ ಅದರ ಅರ್ಥ, ಒಳ್ಳೆಯದು ಕೆಟ್ಟದ್ದು ನಮ್ಮ ತಲೆಯಲ್ಲಿತ್ತು.

ಗಣಿತದ ಋಣ ಭಾರದ ಮಾತಲ್ಲ, ಚಿಹ್ನೆಯ ಮಾತು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಧನ ಮತ್ತು ಋಣಗಳ ಲೆಕ್ಕದ ನಿಯಮಗಳನ್ನು ಬರೆದಿಟ್ಟ. ಆಸ್ತಿ ಒಂದು ಕಡೆ, ಸಾಲ ಇನ್ನೊಂದು ಕಡೆ. ಆ ನಿಯಮಗಳಲ್ಲಿ ಒಂದು ಹೀಗಿದೆ: ಶೂನ್ಯದಿಂದ ಋಣವನ್ನು ಕಳೆದರೆ ಧನವಾಗುತ್ತದೆ. ಕೈಯಲ್ಲಿ ಬಿಡಿಗಾಸಿಲ್ಲ, ಆದರೆ ಸಾಲ ಮನ್ನಾ ಆಯಿತು. ಆ ರೈತನ ಮುಖ ನೋಡಿದರೆ ಈ ನಿಯಮಕ್ಕೆ ಬೇರೆ ಪುರಾವೆ ಬೇಕಿಲ್ಲ. ಸ್ಕಿನ್ನರ್ ಹೇಳುವ ‘ಋಣಾತ್ಮಕ’ವೂ ಇಂಥ ಕಳೆಯುವ ಚಿಹ್ನೆ. ಇರುವ ಪೀಡೆಯೊಂದನ್ನು ಕಳೆದಾಗ ಅದಕ್ಕೆ ಮುಂಚಿನ ವರ್ತನೆ ಬಲಗೊಂಡರೆ ಅದು ಋಣಾತ್ಮಕ ಪುನರ್ಬಲನ. ಪೆಟ್ಟಿಗೆಯ ನೆಲದಲ್ಲಿ ಸಣ್ಣಗೆ ವಿದ್ಯುತ್ ಹರಿಯುತ್ತಿದೆ, ಇಲಿ ಲಿವರ್ ಒತ್ತುತ್ತದೆ, ವಿದ್ಯುತ್ ನಿಲ್ಲುತ್ತದೆ. ಮುಂದಿನ ಸಲ ಇಲಿ ಇನ್ನೂ ಬೇಗ ಒತ್ತುತ್ತದೆ. ಬಹುಮಾನ ಕೊಟ್ಟವರು ಯಾರೂ ಇಲ್ಲ. ಕಾಟ ತಪ್ಪಿದ್ದೇ ಬಹುಮಾನ.

ಉದಾಹರಣೆಗೆ ಬೆತ್ತ ಹುಡುಕುವ ಬದಲು ಸುತ್ತ ನೋಡಿದರೆ ಸಾಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಛತ್ರಿ ಬಿಚ್ಚುತ್ತೇವೆ, ನೆನೆಯುವುದು ನಿಲ್ಲುತ್ತದೆ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿದ ಮೇಲೆ ಟಿಂವ್ ಟಿಂವ್ ಸದ್ದು ಬಾಯಿ ಮುಚ್ಚುತ್ತದೆ. ಸಾಲದ ಕಂತು ಕಟ್ಟಿದ ದಿನ ವಸೂಲಿಯವರ ಫೋನು ನಿಲ್ಲುತ್ತದೆ. ಇಲ್ಲಿ ಋಣ ಎರಡೂ ಅರ್ಥದಲ್ಲಿ ತೀರುತ್ತದೆ. ನನಗೆ ಬಹಳ ಇಷ್ಟವಾದದ್ದು ಪೇಟೆಯ ದೃಶ್ಯ. ಮಗು ಆಟಿಗೆಯ ಅಂಗಡಿಯ ಮುಂದೆ ನೆಲದ ಮೇಲೆ ಉರುಳಾಡಿ ಅಳುತ್ತದೆ, ಅಪ್ಪ ಮಾನಕ್ಕೆ ಹೆದರಿ ಕಾರು ಕೊಡಿಸುತ್ತಾನೆ, ಅಳು ನಿಲ್ಲುತ್ತದೆ. ಮಗುವಿಗೆ ಆಟಿಗೆ ಸಿಕ್ಕಿತು, ಅದು ಧನಾತ್ಮಕ ಪುನರ್ಬಲನ. ಅಪ್ಪನಿಗೆ ಅಳು ತಪ್ಪಿತು, ಅದು ಋಣಾತ್ಮಕ ಪುನರ್ಬಲನ. ಮುಂದಿನ ವಾರ ಮಗು ಬೇಗ ಅಳುತ್ತದೆ, ಅಪ್ಪ ಬೇಗ ಪಾಕೀಟು ತೆಗೆಯುತ್ತಾನೆ. ಯಾರು ಯಾರಿಗೆ ಪಾಠ ಕಲಿಸಿದರು ಎಂದು ಅಪ್ಪನನ್ನು ಕೇಳಬೇಡಿ.

ಹಾಗಾದರೆ ಬೆತ್ತ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲವೇ ಎಂದರೆ, ಬರುತ್ತದೆ, ಗೊಂದಲ ಹುಟ್ಟುವುದೂ ಅಲ್ಲಿಯೇ. ಗೃಹಪಾಠ ಮಾಡದೆ ಬಂದ ಹುಡುಗನಿಗೆ ಏಟು ಬಿದ್ದು ಆ ಚಾಳಿ ಕುಗ್ಗಿದರೆ ಅದು ಧನಾತ್ಮಕ ಶಿಕ್ಷೆ. ಹೌದು, ಧನಾತ್ಮಕ, ಏನೋ ಒಂದನ್ನು ಕೊಟ್ಟಿರಲ್ಲ, ಅಷ್ಟಕ್ಕೆ. ಅವನ ಕ್ರಿಕೆಟ್ ಬ್ಯಾಟು ಕಸಿದುಕೊಂಡದ್ದಕ್ಕೆ ಕುಗ್ಗಿದರೆ ಋಣಾತ್ಮಕ ಶಿಕ್ಷೆ. ಏಟಿನ ಭಯಕ್ಕೆ ಪಕ್ಕದ ಹುಡುಗಿ ರಾತ್ರಿ ಕುಳಿತು ಗೃಹಪಾಠ ಮುಗಿಸಿ ನಿರಾಳವಾಗಿ ಶಾಲೆಗೆ ಬಂದರೆ, ಅವಳ ಓದಿಗೆ ಸಿಕ್ಕಿದ್ದು ಋಣಾತ್ಮಕ ಪುನರ್ಬಲನ. ಬೆತ್ತ ಒಂದೇ, ಮೇಜಿನ ಮೇಲೆ ಸುಮ್ಮನೆ ಬಿದ್ದಿದೆ. ಯಾರ ಯಾವ ವರ್ತನೆಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಅದೇ ಭಯಕ್ಕೆ ಮೂರನೆಯವನು ಹೊಟ್ಟೆನೋವೆಂದು ಸುಳ್ಳು ಹೇಳಿ ಮನೆಯಲ್ಲಿ ಉಳಿದರೆ, ಆ ಸುಳ್ಳಿಗೂ ಅದೇ ಪುನರ್ಬಲನ ಅಷ್ಟೇ ಚೆನ್ನಾಗಿ ಸಿಗುತ್ತದೆ. ಬೆತ್ತದ ಪರವಾಗಿ ವಾದಿಸುವವರು ಎರಡನೆಯ ಹುಡುಗಿಯನ್ನು ಮಾತ್ರ ಎಣಿಸುತ್ತಾರೆ.

ಇನ್ನೊಂದು ಮಾತು ಮೇಷ್ಟರುಗಳಿಗೆ ಕಹಿಯಾಗಬಹುದು. ಕೊಡುವವರ ಉದ್ದೇಶಕ್ಕೆ ವರ್ತನಾವಾದದಲ್ಲಿ ಬೆಲೆಯಿಲ್ಲ. ಗಲಾಟೆ ಮಾಡಿದ ಹುಡುಗನನ್ನು ಗಣಿತದ ತರಗತಿಯಿಂದ ಹೊರಗೆ ಕಳಿಸಿದಿರಿ; ನಿಮ್ಮ ಪ್ರಕಾರ ಅದು ಶಿಕ್ಷೆ. ಹೊರಗೆ ತಂಪಾದ ಗಾಳಿ ಇದೆ, ಗಣಿತ ಇಲ್ಲ. ನಾಳೆ ಅವನ ಗಲಾಟೆ ಹೆಚ್ಚಾದರೆ ನೀವು ಕೊಟ್ಟದ್ದು ಪುನರ್ಬಲನ, ಅದರಲ್ಲಿಯೂ ಋಣಾತ್ಮಕ, ಏಕೆಂದರೆ ಅವನಿಂದ ಗಣಿತವನ್ನು ಕಳೆದಿರಿ.

‘ಶಿಕ್ಷೆ’ ಎಂಬ ಪದವೂ ಈ ಗೊಂದಲಕ್ಕೆ ಕೈ ಜೋಡಿಸಿದೆ. ಸಂಸ್ಕೃತದಲ್ಲಿ ಶಿಕ್ಷಾ ಎಂದರೆ ಕಲಿಕೆ. ಶಿಕ್ಷಣ, ಶಿಕ್ಷಕ ಎಲ್ಲ ಅದೇ ಬೇರಿನವು. ನಮ್ಮ ಕನ್ನಡದಲ್ಲಿ, ಮಗ್ಗುಲಿನ ಮರಾಠಿಯಲ್ಲಿ ಕೂಡ, ಅದು ದಂಡನೆಯಾಗಿ ಕುಳಿತಿತು. ಹಿಂದಿಯ ‘ಶಿಕ್ಷಾ ಮಂತ್ರಾಲಯ’ ಎಂಬ ಫಲಕ ನೋಡಿ ನಗದ ಕನ್ನಡಿಗನಿಲ್ಲ. ಕಲಿಸುವುದೂ ದಂಡಿಸುವುದೂ ಒಂದೇ ಬೇರಿನಿಂದ ಬೆಳೆದ ಭಾಷೆಯಲ್ಲಿ ಪುನರ್ಬಲನ ಮತ್ತು ಶಿಕ್ಷೆ ಬೆರೆತುಹೋದರೆ ಪೂರ್ತಿ ತಪ್ಪು ಅಭ್ಯರ್ಥಿಗಳದ್ದೇ ಎನ್ನಲಾರೆ.

ನ್ಯಾಯವಾಗಿ ಹೇಳಬೇಕಾದ ಒಂದು ಸಂಗತಿ ಉಳಿದಿದೆ. 1938ರ ತನ್ನ ಪುಸ್ತಕದಲ್ಲಿ ಸ್ಕಿನ್ನರ್ ಕೂಡ ‘ಋಣಾತ್ಮಕ ಪುನರ್ಬಲನ’ವನ್ನು ಹೆಚ್ಚುಕಡಿಮೆ ಶಿಕ್ಷೆಯ ಅರ್ಥದಲ್ಲಿಯೇ ಬಳಸಿದ್ದರು. ಇಂದಿನ ಅರ್ಥಕ್ಕೆ ಅವರು ತಿದ್ದಿಕೊಂಡು ಬರೆದದ್ದು 1953ರ ಪುಸ್ತಕದಲ್ಲಿ. ಹಾಗಾಗಿ 1938ರ ಆ ಪುಸ್ತಕ ಓದಿ ಬರೆದೆ ಎನ್ನುವವರಿದ್ದರೆ ಅವರ ಮೇಲೆ ನನ್ನ ತಕರಾರಿಲ್ಲ. ಸಪ್ತಾಪುರದ ಆ ಹಾಳೆಯನ್ನು ಬರೆದವರು ಅದನ್ನು ತೆರೆದು ನೋಡಿದ್ದರು ಎಂದು ಮಾತ್ರ ನನಗೆ ಅನ್ನಿಸುವುದಿಲ್ಲ.